ಜಿಇಡಿ ಅಡ್ಡದಾರಿಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಹನ್ನೆರಡನೆಯ ತರಗತಿಯವರೆಗಿನ ಓದು. ಎಸ್‌ಎಸ್‌ಎಲ್‌ಸಿಗೇ ಓದು ನಿಲ್ಲಿಸಿ, ಮದುವೆಯಾಗಿ ಇಲ್ಲಿಗೆ ಬಂದ ನಮ್ಮ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ತಟ್ಟುವುದು, ಕೆಲಸದ ಅರ್ಜಿಯಲ್ಲಿ ‘ಹೈಸ್ಕೂಲ್ ಡಿಪ್ಲೊಮಾ ಅಥವಾ ತತ್ಸಮಾನ’ ಎಂಬ ಸಾಲಿಗೆ ಬಂದಾಗ. ಆ ‘ತತ್ಸಮಾನ’ಕ್ಕೆ ಇರುವ ಮುಖ್ಯ ದಾರಿ ಜಿಇಡಿ ಪರೀಕ್ಷೆ, ಕೆಲವು ರಾಜ್ಯಗಳಲ್ಲಿ ಹೈಸೆಟ್ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಓದು ತಲೆಗೆ ಹತ್ತದವರು ಹಿಡಿಯುವ ಅಡ್ಡದಾರಿ ಇದು ಎಂದು ನಮ್ಮವರೇ ಹಗುರವಾಗಿ ಆಡುವ ಮಾತು ಕೇಳಿ ನೊಂದು ಈ ಪತ್ರ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧಕ್ಕಾಗಿ ಶಾಲೆ ಬಿಟ್ಟು ಸೇನೆ ಸೇರಿದ್ದವರಿಗೆಂದು 1942ರಲ್ಲಿ ರೂಪುಗೊಂಡ ಈ ಪರೀಕ್ಷೆ ಇಂದು ಭಾಷೆ, ಗಣಿತ, ವಿಜ್ಞಾನ, ಸಮಾಜ ಎಂಬ ನಾಲ್ಕು ವಿಷಯಗಳಲ್ಲಿ, ಒಟ್ಟು ಏಳು ಗಂಟೆಗೂ ಹೆಚ್ಚು ಕಾಲ, ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಒಂದೊಂದು ವಿಷಯವನ್ನು ಬೇರೆ ಬೇರೆ ದಿನ ಬರೆಯಬಹುದು, ಆದರೆ ನಾಲ್ಕರಲ್ಲೂ ತಲಾ 145 ಅಂಕ ಬರಲೇಬೇಕು. ಒಂದರಲ್ಲಿ ಕಡಿಮೆ ಬಿದ್ದದ್ದನ್ನು ಇನ್ನೊಂದರ ಅಂಕದಿಂದ ತುಂಬಿಕೊಳ್ಳುವಂತಿಲ್ಲ. ಮೊದಲು ಈ ಮಿತಿ 150 ಇತ್ತು. ಜಿಇಡಿ ಮೂಲಕ ಕಾಲೇಜು ಸೇರಿದವರು ಶಾಲೆಯಲ್ಲೇ ಓದಿ ಬಂದವರಿಗಿಂತ ಹಿಂದೆ ಬೀಳುತ್ತಿಲ್ಲವೆಂದು ಕಂಡುಬಂದ ಮೇಲೆ, 2016ರಲ್ಲಿ ಅದನ್ನು 145ಕ್ಕೆ ಇಳಿಸಲಾಯಿತು. ಇಂಥದ್ದನ್ನು ಅಡ್ಡದಾರಿ ಎನ್ನುವುದು ಹೇಗೆ?

ನಾನು ಬಿಡುವಿನ ವೇಳೆಯಲ್ಲಿ ಗಣಿತ ಹೇಳಿಕೊಡುವ ತರಗತಿಗೆ, ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದ ಕನ್ನಡದ ತಾಯಿಯೊಬ್ಬರು ಹದಿನೇಳರ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಿದ್ದರು. ಆದರೆ ‘ಮೈಲ್ಸ್ ಪರ್ ಗ್ಯಾಲನ್’ ಎಂಬ ಲೆಕ್ಕ ಎದುರಾದರೆ ಪೆನ್ಸಿಲ್ ನಿಂತುಬಿಡುತ್ತಿತ್ತು. ‘ಒಂದು ಗ್ಯಾಲನ್ನಿಗೆ ಎಷ್ಟು ಮೈಲಿ ಓಡುತ್ತದೆ, ನೋಡಿ’ ಎಂದು ಕನ್ನಡದಲ್ಲಿ ಹೇಳಿದ ದಿನ ನಾಲ್ಕು ಲೆಕ್ಕಗಳನ್ನು ಒಂದೇ ಉಸಿರಿಗೆ ಮಾಡಿ ಮುಗಿಸಿದರು. ಅವರಿಗೆ ಗಣಿತ ಬಾರದೆ ಇರಲಿಲ್ಲ. ‘ಪರ್’ ಎಂಬ ಒಂದು ಪುಟ್ಟ ಪದ ದಾರಿಗೆ ಅಡ್ಡ ನಿಂತಿತ್ತು. ಪರೀಕ್ಷೆ ಇರುವುದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಮಾತ್ರ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೇಳುವುದು ಸದ್ಯಕ್ಕೆ ದೂರದ ಮಾತು, ಆದರೆ ಕನ್ನಡದಲ್ಲಿ ಅರ್ಥ ಮಾಡಿಸಿ ಇಂಗ್ಲಿಷಿನ ಪ್ರಶ್ನೆಗೆ ಸಿದ್ಧಗೊಳಿಸುವುದನ್ನು ಯಾರೂ ತಡೆದಿಲ್ಲ.

ಹಣ ಕಟ್ಟಿದರೆ ಮನೆಗೇ ಡಿಪ್ಲೊಮಾ ಕಳಿಸುತ್ತೇವೆ ಎನ್ನುವ ಜಾಹೀರಾತುಗಳಿಗೆ ಯಾರೂ ಮರುಳಾಗಬಾರದೆಂದೂ ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷೆ ಪಾಸಾದವರಿಗೆ ಪ್ರಮಾಣಪತ್ರ ದೊರೆಯುವುದು ಆಯಾ ರಾಜ್ಯದ ಮೂಲಕ, ಶುಲ್ಕವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಇಲ್ಲಿನ ಅನೇಕ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿವೆ. ಆ ಹೊತ್ತಿನಲ್ಲಿ ತಾಯಂದಿರು ಹೊರಗೆ ಕಾಯುತ್ತಾ ಕುಳಿತಿರುತ್ತಾರೆ. ಪಕ್ಕದ ಒಂದು ಕೊಠಡಿಯನ್ನು ಅವರಿಗಾಗಿ ತೆರೆದು, ಗಣಿತ ಬಲ್ಲ ಒಬ್ಬಿಬ್ಬರು ವಾರಕ್ಕೊಂದು ಗಂಟೆ ಜಿಇಡಿ ಅಭ್ಯಾಸ ಮಾಡಿಸಬೇಕೆಂದು ಕೂಟಗಳ ಪದಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಅಮೆರಿಕದಲ್ಲಿ ನೆಲೆಸಿರುವ ಓದುಗ