ಎರಡನೇ ಬಟ್ಟಲಿನ ಬಗ್ಗೆ, ಗುಂಡನಿಗೆ

ಗುಂಡಾ,

ಭಾನುವಾರ ನಾನು ಸ್ಟೇಟಸ್‌ಗೆ ಹಾಕಿದ ಹಸಿರು ಸೂಪಿನ ಫೋಟೊ ನೋಡಿ, ನೀನು 'ಎರಡು ಬಟ್ಟಲು ಇದೆ, ಯಾರೋ ಬಂದಿರೋದು?' ಅಂತ ಕೇಳಿದ್ದೆ. ಅದಕ್ಕೆ ಬರ್ತೀನಿ, ಮೊದಲು ಸೂಪು. ಇದನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಹಾಗಾಗಿ ಮಾಗಡಿ ಬಸ್ಸಿನ ವಿಷಯ ನಾನು ಎತ್ತಲ್ಲ, ನೀನೂ ಎತ್ತಬೇಡ.

ಇಂಗ್ಲೆಂಡಿನ ಈ ಲೀಡ್ಸಿನಲ್ಲಿ ಈ ವಾರ ಸೆಕೆ. 29 ಡಿಗ್ರಿ. ನಗಬೇಡ ಕಣೋ, ಇಲ್ಲಿ ಮನೆಗಳಲ್ಲಿ ಫ್ಯಾನೇ ಇರಲ್ಲ. ಸಂತೆಗೆ ಹೋದರೆ ಬ್ರಾಡ್ ಬೀನ್ಸ್ ರಾಶಿ ಹಾಕಿದ್ದರು. ಜೂನ್, ಜುಲೈ ಇದರ ಕಾಲ. ನಮ್ಮ ಅವರೆಗೆ ನೆಂಟನೇ, ಆದರೆ ದೂರದವನು. ಸೊಗಡು ಇಲ್ಲ. ಕಾಯಿ ಬಿಡಿಸಿದರೆ ಒಳಗೆ ಹತ್ತಿಯಂಥ ಬಿಳೀ ಹಾಸಿಗೆ, ಅದರಲ್ಲಿ ನಾಲ್ಕೈದು ಕಾಳು ಮಲಗಿರುತ್ತವೆ. ಒಂದು ಕೆ.ಜಿ. ಸುಲಿದೆ, ಸಿಕ್ಕಿದ್ದು 300 ಗ್ರಾಂ. ಮಿಕ್ಕಿದ್ದಕ್ಕೆಲ್ಲ ದುಡ್ಡು ಕೊಟ್ಟಿದ್ದು ಹಾಸಿಗೆಗೆ!

ಕಾಳನ್ನು ಕುದಿಯುವ ನೀರಿಗೆ ಹಾಕಿ ಎರಡೇ ನಿಮಿಷ. ತಕ್ಷಣ ಐಸ್ ನೀರಿಗೆ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಮಂಕು ಸಿಪ್ಪೆಯೊಳಗಿಂದ ಎಳೆಹಸಿರು ಬೇಳೆ ಪುಳಕ್ಕಂತ ಹಾರುತ್ತೆ. ಗೊತ್ತಾಯ್ತಲ್ಲ? ಹಿದುಕಿದ ಬೇಳೆ! ಬಾಡಿಸಿದ ಈರುಳ್ಳಿ, ಅರ್ಧ ಲೀಟರ್ ನೀರು ಸೇರಿಸಿ ಐದು ನಿಮಿಷ ಬೇಯಿಸಿ, ಆರಿದ ಮೇಲೆ ಪುದೀನ, ಸಬ್ಬಸಿಗೆ ಹಾಕಿ ರುಬ್ಬಿದೆ. ಕಾಳು, ಸಬ್ಬಸಿಗೆಯ ಜೋಡಿ ನಮ್ಮ ಅಕ್ಕಿರೊಟ್ಟಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಇರಾನಿನವರು ಇದೇ ಕಾಳು, ಇದೇ ಸಬ್ಬಸಿಗೆ ಹಾಕಿ ಅನ್ನ ಮಾಡ್ತಾರಂತೆ. ಇದು ತಣ್ಣಗೇ ಕುಡಿಯೋ ಸೂಪು, ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಬೇಕು. ತಣ್ಣಗಾದ ಮೇಲೆ ಉಪ್ಪು ಸಪ್ಪೆ ಅನಿಸುತ್ತೆ, ಇನ್ನೊಂದು ಚಿಟಿಕೆ ಬೇಕು. ನಿಂಬೆರಸ ಕೊನೆಗೆ, ಬಡಿಸುವಾಗಲೇ. ಮೊದಲೇ ಹಿಂಡಿದರೆ ಹಸಿರು ಹೋಗಿ ಪಾಚಿ ಬಣ್ಣ ಬರುತ್ತೆ.

ಆದರೆ ಹಿದುಕೋದು ಒಬ್ಬರು ಮಾಡುವ ಕೆಲಸ ಅಲ್ಲ ಮಾರಾಯಾ. ಡಿಸೆಂಬರಿನ ನಿಮ್ಮನೆ ಪಡಸಾಲೆ ನೆನಪಾಯಿತು. ನೆಲದ ತುಂಬ ಪೇಪರು, ಸುತ್ತ ನಿಮ್ಮಮ್ಮ, ಅತ್ತೆ, ಅಜ್ಜಿ. ಇಡೀ ಬೀದಿಯ ಸಮಾಚಾರ ಬೇಳೆ ಜೊತೆ ಹೊರಗೆ ಬರುತ್ತಿತ್ತು. ಇಲ್ಲಿ ಅರ್ಧ ಪಾತ್ರೆ ಆಗುವಷ್ಟರಲ್ಲಿ, 'ಅತ್ತೆ, ಇದು ಸ್ವಲ್ಪ ಬಲಿತಿದೆ ನೋಡಿ' ಅಂತ ಜೋರಾಗಿ ಹೇಳಿಬಿಟ್ಟೆ. ಎದುರಿಗಿದ್ದದ್ದು ಕುರ್ಚಿ.

ಯಾರೂ ಬಂದಿರಲಿಲ್ಲ ಗುಂಡಾ. ಫೋಟೊ ಚೆನ್ನಾಗಿ ಬರಲಿ ಅಂತ ಸುಮ್ನೆ ಎರಡು ಬಟ್ಟಲಿಟ್ಟೆ ಅಂತ ಬರೆಯೋಣ ಅಂತಿದ್ದೆ. ಆದರೆ ಎರಡು ಚಮಚವನ್ನೂ ಇಟ್ಟಿದ್ದೆ. ಚಮಚ ಫೋಟೊದಲ್ಲಿ ಇಲ್ಲವೇ ಇಲ್ಲ.

'ಈ ವೀಕೆಂಡ್ ಫುಲ್ ಬ್ಯುಸಿ' ಅಂತ ನಿನ್ನ ಫೋನ್ ಇಡ್ತೀನಲ್ಲ, ಜಾಸ್ತಿ ಪಾಲು ಸುಳ್ಳು. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ, ಸೋಮವಾರ ಬೆಳಗ್ಗೆ ಮೊದಲ ಮಾತಿಗೆ ಗಂಟಲು ಕೆರೆದುಕೊಳ್ಳಬೇಕಾಗುತ್ತೆ. ಅಷ್ಟು ಹೊತ್ತು ಅದಕ್ಕೆ ಕೆಲಸವೇ ಇರಲ್ಲ.

ಸರಿ, ಸಾಕು. ಇದನ್ನು ಅಮ್ಮನೂ ಓದ್ತಾರೆ. ಅಮ್ಮಾ, ಊಟ ಸರಿಯಾಗಿ ಮಾಡ್ತಿದ್ದೀನಿ, ಈಗ ಫೋನ್ ಮಾಡಬೇಡಿ, ಮೀಟಿಂಗ್ ಇದೆ.

ಆ ಎರಡನೇ ಬಟ್ಟಲಿನ ಗತಿ ಕೇಳು. ಸೋಮವಾರ ಬೆಳಗ್ಗೆ ಅದಕ್ಕೊಂದಿಷ್ಟು ಮಜ್ಜಿಗೆ ಸೇರಿಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಅನ್ನಕ್ಕೆ ಕಲಸಿದರೆ ಸಾಕ್ಷಾತ್ ತಂಬುಳಿ. ಅಷ್ಟರಲ್ಲಿ ಒಗ್ಗರಣೆ ಹೊಗೆಗೆ ಅಲಾರಂ ಕಿರುಚಿಕೊಂಡಿತು. ಪಕ್ಕದ ಮನೆಯಾಕೆ ಓಡಿಬಂದು ಬಾಗಿಲು ಬಡಿದು, ಏನಾಯ್ತು ಅಂತ ಕೇಳಿದರು. ಗಂಟಲು ಕೆರೆದುಕೊಂಡೆ. ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನಂತಾರೋ ಆ ಹೊತ್ತಿಗೆ ಹೊಳೀಲಿಲ್ಲ.

'ತಂಬುಳಿ' ಅಂದೆ.



ಇಂತಿ,
ನಿನ್ನ ಕುಳ್ಳ