ನಗರ ನವೀಕರಣ: ಹಳೆಯ ನಿವಾಸಿಗಳು ಉಳಿದರೇ?

ಮಾನ್ಯ ಸಂಪಾದಕರೇ,

ನಗರಗಳ ಹಳೆಯ ಬಡಾವಣೆಗಳನ್ನು ನವೀಕರಿಸುವ ಯೋಜನೆ ಯಶಸ್ವಿಯಾಯಿತೇ ಎಂಬುದನ್ನು ಎಷ್ಟು ಕಟ್ಟಡಗಳು ಎದ್ದವು, ರಸ್ತೆ ಎಷ್ಟು ಅಗಲವಾಯಿತು, ಉದ್ಯಾನ ಎಷ್ಟು ವಿಸ್ತಾರವಾಯಿತು ಎಂಬ ಲೆಕ್ಕದಲ್ಲಿ ಹೇಳುವುದು ರೂಢಿ. ಯೋಜನೆಗೆ ಮೊದಲು ಅಲ್ಲಿ ವಾಸವಾಗಿದ್ದ ಕುಟುಂಬಗಳಲ್ಲಿ ಎಷ್ಟು ಐದು ವರ್ಷಗಳ ನಂತರವೂ ಅಲ್ಲಿಯೇ ಉಳಿದಿವೆ ಎಂದು ಕೇಳುವವರು ಕಡಿಮೆ. ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಪ್ರಶ್ನೆ ಇದೇ. ಅದಕ್ಕೆ ಉತ್ತರ ಯೋಜನೆಯ ಮೊದಲ ಕಡತದಲ್ಲಿಯೇ ಇರಬೇಕು.

ದಕ್ಷಿಣ ಕೊರಿಯಾದ ಸೋಲ್ ನಗರದ ಚಿಯಾಂಗ್‌ಗ್ಯೆಚಿಯಾನ್ ತೊರೆಯನ್ನು ನಗರ ಯೋಜಕರು ಜಗತ್ತಿನಾದ್ಯಂತ ಮಾದರಿಯಾಗಿ ತೋರಿಸುತ್ತಾರೆ. ಮೇಲಿದ್ದ ಎತ್ತರಿಸಿದ ಹೆದ್ದಾರಿಯನ್ನು ಕೆಡವಿ, ಕಾಂಕ್ರೀಟಿನಡಿ ಮುಚ್ಚಿಹೋಗಿದ್ದ ಆ ತೊರೆಯನ್ನು 2003ರಿಂದ 2005ರ ನಡುವೆ ಸುಮಾರು 5.8 ಕಿ.ಮೀ. ಉದ್ದಕ್ಕೆ ತೆರೆಯಲಾಯಿತು. ನೀರನ್ನು ಪಂಪ್ ಮಾಡಿ ಹರಿಸಬೇಕಾಗಿದೆ ಎಂಬ ಆಕ್ಷೇಪವಿದ್ದರೂ, ದಂಡೆಯ ಬೇಸಿಗೆಯ ತಾಪ ತಗ್ಗಿತು, ಮೀನು ಮತ್ತು ಹಕ್ಕಿಗಳು ಮರಳಿದವು; ಪರಿಸರದ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ಪ್ರದೇಶವನ್ನೇ ನಂಬಿ ಬದುಕುತ್ತಿದ್ದ ಬೀದಿ ವ್ಯಾಪಾರಿಗಳಲ್ಲಿ ಅನೇಕರನ್ನು ದೊಂಗ್‌ದೆಮುನ್ ಕ್ರೀಡಾಂಗಣಕ್ಕೆ ಸ್ಥಳಾಂತರಿಸಲಾಯಿತು. ಕೆಲವೇ ವರ್ಷಗಳಲ್ಲಿ ವಿನ್ಯಾಸ ಕೇಂದ್ರವೊಂದಕ್ಕಾಗಿ ಆ ಕ್ರೀಡಾಂಗಣವನ್ನೂ ಕೆಡವಿದಾಗ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ತೊರೆಯ ಆಸುಪಾಸಿನ ಜಮೀನಿನ ಬೆಲೆ ಏರಿತು. ಆ ಏರಿಕೆಯಲ್ಲಿ ಅವರಿಗೆ ಪಾಲಿರಲಿಲ್ಲ.

ಜನರನ್ನು ಎಬ್ಬಿಸಲು ಬುಲ್‌ಡೋಜರೇ ಬರಬೇಕೆಂದಿಲ್ಲ. ಸಾರ್ವಜನಿಕ ಹಣದಿಂದ ಬೀದಿ ಸುಧಾರಿಸಿದರೆ ಬಾಡಿಗೆ ಏರುತ್ತದೆ, ಬಾಡಿಗೆ ಕಟ್ಟಲಾಗದವರು ಸದ್ದಿಲ್ಲದೆ ಹೊರಡುತ್ತಾರೆ, ಮತ್ತು ಅವರು ಹೋದದ್ದು ಯಾವ ದಾಖಲೆಯಲ್ಲಿಯೂ ಸ್ಥಳಾಂತರವೆಂದು ನಮೂದಾಗುವುದಿಲ್ಲ. ಪರಿಹಾರದ ನಿಯಮಗಳು ಸಾಮಾನ್ಯವಾಗಿ ಕಾಗದಪತ್ರ ಇದ್ದವರನ್ನು ಮಾತ್ರ ಗುರುತಿಸುವುದರಿಂದ ಬಾಡಿಗೆದಾರರು, ಅವರಲ್ಲಿಯೂ ಒಂಟಿ ಮಹಿಳೆಯರು ಮತ್ತು ಮನೆಯಲ್ಲಿಯೇ ಕಸುಬು ಮಾಡುವವರು, ಪಟ್ಟಿಯಿಂದ ಹೊರಗುಳಿಯುತ್ತಾರೆ. ಬಹುಮಹಡಿ ಕಟ್ಟಡದಲ್ಲಿ ಮನೆ ಸಿಕ್ಕವರಿಗೂ ಲಿಫ್ಟ್ ಮತ್ತು ನಿರ್ವಹಣೆಯ ಮಾಸಿಕ ಶುಲ್ಕ ಹೊಸ ಹೊರೆ. ಬೀದಿಗೆ ತೆರೆದ ಬಾಗಿಲಲ್ಲಿ ಕುಳಿತು ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದವರಿಗೆ ಏಳನೆಯ ಮಹಡಿಯಲ್ಲಿ ಗಿರಾಕಿ ಎಲ್ಲಿಂದ ಬರಬೇಕು?

ಸುಸ್ಥಿರತೆಯ ಪ್ರಶ್ನೆಯೂ ಇದಕ್ಕೇ ಹೊಂದಿಕೊಂಡಿದೆ. ನಗರದಂಚಿಗೆ ದೂಡಲ್ಪಟ್ಟ ಕುಟುಂಬ ಅದೇ ಕೆಲಸಕ್ಕಾಗಿ ಪ್ರತಿದಿನ ಹಲವು ಪಟ್ಟು ದೂರ ಪ್ರಯಾಣಿಸಬೇಕಾಗುತ್ತದೆ, ಮತ್ತು ಆ ಅಂಚಿನಲ್ಲಿ ರಸ್ತೆ, ನೀರು, ಒಳಚರಂಡಿಗಳನ್ನು ಹೊಸದಾಗಿ ಒದಗಿಸಲು ಹೊಲ, ಕೆರೆಯಂಗಳಗಳನ್ನು ನಗರ ನುಂಗುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತಿರುವಾಗ, ದುರಸ್ತಿ ಮಾಡಬಹುದಾದ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವುದನ್ನು ಹಸಿರು ಅಭಿವೃದ್ಧಿ ಎಂದು ನಾನು ಒಪ್ಪಲಾರೆ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ಕೂಡ 2030ರೊಳಗೆ ಕೊಳೆಗೇರಿಗಳನ್ನು ಮೇಲ್ದರ್ಜೆಗೇರಿಸಬೇಕೆಂದು ಹೇಳುತ್ತದೆಯೇ ಹೊರತು ಅವುಗಳ ನಿವಾಸಿಗಳನ್ನು ತೆರವುಗೊಳಿಸಿ ಎಂದು ಹೇಳುವುದಿಲ್ಲ.

ಬೇರೆ ದಾರಿ ಇದೆ. ಥಾಯ್ಲೆಂಡ್ 2003ರಲ್ಲಿ ಆರಂಭಿಸಿದ ಬಾನ್ ಮನ್‌ಕಾಂಗ್ ಎಂಬ ಕೊಳೆಗೇರಿ ಸುಧಾರಣಾ ಯೋಜನೆಯಲ್ಲಿ ನಿವಾಸಿಗಳೇ ಉಳಿತಾಯ ಗುಂಪುಗಳನ್ನು ಕಟ್ಟಿಕೊಂಡು, ಜಮೀನನ್ನು ಸಾಮೂಹಿಕವಾಗಿ ಕೊಂಡು ಅಥವಾ ದೀರ್ಘಾವಧಿ ಗುತ್ತಿಗೆಗೆ ಪಡೆದು, ಬಡಾವಣೆಯ ನಕ್ಷೆಯನ್ನು ವಾಸ್ತುಶಿಲ್ಪಿಗಳೊಡನೆ ಕುಳಿತು ತಾವೇ ರೂಪಿಸಿದರು. ಸರ್ಕಾರ ಮೂಲಸೌಕರ್ಯಕ್ಕೆ ಸಹಾಯಧನವನ್ನೂ ಮನೆಗಳಿಗೆ ಸಾಲವನ್ನೂ ಒದಗಿಸಿತು. ಜಮೀನಿನ ಹಕ್ಕು ಸಮುದಾಯದ ಕೈಯಲ್ಲಿದ್ದರೆ ಬೆಲೆ ಏರಿದಾಗ ಒಬ್ಬೊಬ್ಬರಾಗಿ ಮಾರಿ ಚದುರಿಹೋಗುವ ಒತ್ತಡ ತಗ್ಗುತ್ತದೆ. ಈ ವ್ಯವಸ್ಥೆ ನಿಧಾನದ್ದು, ಸಭೆ, ಜಗಳ, ರಾಜಿಗಳಿಂದ ತುಂಬಿರುವಂಥದ್ದು. ಆದರೂ ಆ ನಿಧಾನವನ್ನು ಸಹಿಸಿಕೊಳ್ಳುವುದು ಯೋಗ್ಯವೆಂದೇ ನನ್ನ ನಂಬಿಕೆ.

ಆದ್ದರಿಂದ ನವೀಕರಣ ಯೋಜನೆಗೆ ಮಂಜೂರಾತಿ ನೀಡುವ ಮೊದಲು ಬಾಡಿಗೆದಾರರು ಮತ್ತು ಬೀದಿ ವ್ಯಾಪಾರಿಗಳೂ ಸೇರಿದಂತೆ ಎಲ್ಲ ನಿವಾಸಿಗಳ ಗಣತಿ ನಡೆಸಿ, ಆ ಪಟ್ಟಿಯನ್ನು ಬಹಿರಂಗಪಡಿಸುವುದು ಕಡ್ಡಾಯವಾಗಬೇಕು. ಸಾರ್ವಜನಿಕ ಹೂಡಿಕೆಯಿಂದ ಏರಿದ ಜಮೀನಿನ ಮೌಲ್ಯದ ಒಂದು ಭಾಗವನ್ನು ತೆರಿಗೆಯಾಗಿ ಪಡೆದು ಅದೇ ಬಡಾವಣೆಯಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ವಿನಿಯೋಗಿಸಬೇಕು. ಐದು ವರ್ಷಗಳ ನಂತರ ಅದೇ ಪಟ್ಟಿಯನ್ನು ಹಿಡಿದು, ಯೋಜನೆಯನ್ನು ಜಾರಿಗೊಳಿಸಿದವರಲ್ಲದ ಸ್ವತಂತ್ರ ಲೆಕ್ಕಪರಿಶೋಧಕರು ಮನೆಮನೆಗೆ ಹೋಗಿ ವರದಿ ನೀಡಬೇಕು.

ಇತಿ,
ಪತ್ರಿಕೆಯ ಓದುಗ