ಪೆಂಡಾಲಿನ ಬಾಗಿಲಲ್ಲಿ ನಾಲ್ಕು ಸಾಲು ಕನ್ನಡ

ಮಾನ್ಯ ಸಂಪಾದಕರೇ,

ಪರಭಾಷಿಕರ ಹಬ್ಬಗಳು ಹೆಚ್ಚಿದಷ್ಟೂ ಬೆಂಗಳೂರಿನಲ್ಲಿ ಕನ್ನಡದ ನೆಲೆ ಕುಗ್ಗುತ್ತದೆ ಎಂದು ಕೆಲವರು, ಎಲ್ಲರೂ ಕೂಡಿ ಬಾಳುವ ಊರಿನ ಹಬ್ಬದಲ್ಲಿ ಭಾಷೆಯ ಮಾತೆತ್ತುವುದೇ ಸಣ್ಣತನ ಎಂದು ಮತ್ತೆ ಕೆಲವರು ವಾದಿಸುವುದನ್ನು ಪ್ರತಿ ವರ್ಷ ದಸರಾದಿಂದ ರಾಜ್ಯೋತ್ಸವದವರೆಗೆ ಓದುತ್ತಲೇ ಬಂದಿದ್ದೇನೆ. ಸುಲ್ತಾನ್‌ಪೇಟೆಯ ಓಣಿಯೊಂದರಲ್ಲಿ ಮೂವತ್ತೆಂಟು ವರ್ಷ ಸಣ್ಣದೊಂದು ಮುದ್ರಣಾಲಯ ನಡೆಸಿ, ಈ ಊರಿನ ನಾನಾ ಸಮುದಾಯಗಳ ಉತ್ಸವಗಳಿಗೆ ಕರಪತ್ರ, ಆಹ್ವಾನಪತ್ರಿಕೆ, ಚಂದಾ ರಸೀದಿಗಳನ್ನು ಅಚ್ಚು ಹಾಕಿಕೊಟ್ಟವನು ನಾನು. ಈ ಎರಡೂ ವಾದಗಳನ್ನು ಮಾಡುವವರು ಹಬ್ಬದ ಬಾಗಿಲವರೆಗೆ ಹೋಗಿ ನೋಡಿಲ್ಲವೆಂದೇ ನನಗೆ ತೋರುತ್ತದೆ.

ಕಳೆದ ವರ್ಷ ದುರ್ಗಾಪೂಜೆಯ ಸಪ್ತಮಿಯಂದು ಮೊಮ್ಮಗಳನ್ನು ಕರೆದುಕೊಂಡು ಮನೆಯ ಹತ್ತಿರದ ಮೈದಾನದ ಪೆಂಡಾಲಿಗೆ ಹೋಗಿದ್ದೆ. ದುರ್ಗೆಯ ಮಗ್ಗುಲಲ್ಲಿದ್ದ ಗಣಪತಿಯ ಪಕ್ಕಕ್ಕೆ ಒಂದು ಬಾಳೆಗಿಡವನ್ನು ನಿಲ್ಲಿಸಿ, ಕೆಂಪಂಚಿನ ಬಿಳಿಸೀರೆ ಉಡಿಸಿ, ಮದುವಣಗಿತ್ತಿಗೆ ಹಾಕುವಂತೆ ಮುಸುಕು ಹಾಕಿದ್ದರು. ಇದು ಯಾರು ಎಂದು ಮಗು ಕೇಳಿತು. ಸುತ್ತಲಿದ್ದ ಫಲಕಗಳೆಲ್ಲ ಬಂಗಾಳಿ ಮತ್ತು ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲೂ ಮುಕ್ಕಾಲು ಭಾಗ ಪ್ರಾಯೋಜಕರ ಹೆಸರುಗಳೇ. ಬಾಗಿಲಲ್ಲಿ ಸೇವಂತಿಗೆ ಮಾರುತ್ತಿದ್ದ ಹೆಂಗಸು, "ಬಾಳೆಕಂದಿಗೆ ಸೀರೆ ಉಡ್ಸವ್ರೆ, ಅದು ಗಣಪ್ಪನ ಹೆಂಡ್ತಿಯಂತೆ" ಎಂದು ತಾನು ಕೇಳಿದ್ದನ್ನು ಹೇಳಿದಳು. ಅಷ್ಟರಲ್ಲಿ ಸ್ವಯಂಸೇವಕನಾಗಿದ್ದ ಹುಡುಗನೊಬ್ಬ ತೊದಲುಗನ್ನಡದಲ್ಲೇ ತಿದ್ದಿದ: ಜನ ಹಾಗೆ ಅನ್ನುತ್ತಾರೆ, ಆದರೆ ಅದು ಹೆಂಡತಿಯಲ್ಲ, ದುರ್ಗೆಯೇ, ಬಾಳೆಯ ಜೊತೆಗೆ ಇನ್ನೂ ಎಂಟು ಗಿಡಗಳನ್ನು ಕಟ್ಟಿರುವುದರಿಂದ ಅದಕ್ಕೆ ನವಪತ್ರಿಕಾ ಎಂದು ಹೆಸರು. ಅರಿಶಿನ, ಬಿಲ್ವ, ದಾಳಿಂಬೆ, ಅಶೋಕ, ಭತ್ತ ಎಂದು ಬೆರಳು ಮಡಿಚುತ್ತ ಬಂದವನು ಒಂದು ಗಿಡದ ಹೆಸರು ತಿಳಿಯದೆ ನಿಂತು, ಅದರ ಎಲೆಯ ತುದಿಯನ್ನು ಎಳೆದು ತೋರಿಸಿದ. ಕೆಸು ಎಂದೆ. ಆತ ಅದನ್ನು ಮೊಬೈಲಿನಲ್ಲಿ ಬರೆದುಕೊಂಡ. ಹೂವಿನವಳು ನಕ್ಕು, "ಇವೆಲ್ಲಾ ನಮ್ಮೂರ ಹಿತ್ಲಾಗೂ ಅವೆ" ಎಂದಳು. ನಾಲ್ಕು ಸಾಲಿನ ಕನ್ನಡ ಫಲಕವೊಂದು ಬಾಗಿಲಲ್ಲಿ ಇದ್ದಿದ್ದರೆ, ಒಳಕ್ಕೆ ಇಣುಕಿ ನೋಡಿ ಹೊರಟುಹೋಗುತ್ತಿದ್ದ ಎಷ್ಟೋ ಜನ ಆ ಹೊತ್ತು ಅಲ್ಲಿ ನಿಲ್ಲುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಿಂದೆ ಹೀಗಿರಲಿಲ್ಲ ಎಂದು ನಾನು ಹೇಳುವುದು ಹಳೆಯ ಕಾಲದ ಮೇಲಿನ ಮೋಹದಿಂದಲ್ಲ, ಅಚ್ಚಿನ ಮನೆಯ ಲೆಕ್ಕದಿಂದ. ಪೇಟೆಯ ಊರೂ ದಂಡಿನ ಊರೂ (ಕಂಟೋನ್ಮೆಂಟ್) ಒಂದೇ ಕಾರ್ಪೊರೇಷನ್ನಿನ ಅಡಿ ಸೇರಿದ್ದು 1949ರಲ್ಲಿ. ನಾನು ಕೆಲಸಕ್ಕೆ ಕೂತದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆಗಲೂ ದಂಡಿನ ಕಡೆಯ ಗಿರಾಕಿಗಳು ಒಂದೇ ಹಾಳೆಯ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಕೇಳುತ್ತಿದ್ದರು. ಉರ್ದು ಬೇಕೆಂದರೆ ಕಾತಿಬರ, ಎಂದರೆ ಉರ್ದು ಲಿಪಿಕಾರರ, ಕೈಯಲ್ಲಿ ಬರೆಸಿ ಬ್ಲಾಕ್ ಮಾಡಿಸಬೇಕಾಗಿತ್ತು, ಅದಕ್ಕೆ ಎರಡು ದಿನ ಹೆಚ್ಚು ಹಿಡಿಯುತ್ತಿತ್ತು. ಇಷ್ಟು ತೊಂದರೆ ತೆಗೆದುಕೊಳ್ಳುತ್ತಿದ್ದುದು ಯಾವ ಆದರ್ಶಕ್ಕೂ ಅಲ್ಲ. ಚಂದಾ ಎತ್ತುತ್ತಿದ್ದುದು ಬೀದಿಯ ಅಂಗಡಿಗಳಲ್ಲಿ. ಚಂದಾ ಕೊಡುವವನು ರಸೀದಿಯನ್ನು ಓದಬೇಕು, ಓದಿದವನು ಹಬ್ಬದ ದಿನ ಮನೆಯವರನ್ನು ಕರೆದುಕೊಂಡು ಬರಬೇಕು. ಈಗ ಹಣ ಕಂಪನಿಗಳಿಂದಲೂ ವಸತಿ ಸಮುಚ್ಚಯಗಳ ವಾಟ್ಸ್ಆ್ಯಪ್ ಗುಂಪುಗಳಿಂದಲೂ ಬರುತ್ತದೆ. ಬೀದಿಯ ಹಂಗು ಹರಿದ ಮೇಲೆ ಬೀದಿಯ ಭಾಷೆಗೆ ಕರಪತ್ರದಲ್ಲಿ ಜಾಗವೂ ಉಳಿಯಲಿಲ್ಲ.

ಬೀದಿಯ ಹಂಗು ಇನ್ನೂ ಇರುವ ಹಬ್ಬಗಳನ್ನು ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ, ಕತ್ತಿ ಹಿಡಿದ ವೀರಕುಮಾರರೊಂದಿಗೆ ಪೇಟೆಯನ್ನೆಲ್ಲ ಸುತ್ತುವಾಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಈ ಭೇಟಿ ಬೇಡವೆಂಬ ಒತ್ತಾಯ 2022ರಲ್ಲಿ ಕೇಳಿಬಂದಾಗಲೂ ಸಂಪ್ರದಾಯವನ್ನು ಕೈಬಿಡಲಿಲ್ಲ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಟ್ಟೆ ತೊಟ್ಟು ಹರಕೆ ತೀರಿಸಲು ಬರುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಮಂದಿ. ಅಲ್ಲಿ ಸೀರೆಯುಟ್ಟು ನಿಂತ ಮಾತೆಯ ಮುಂದೆ ಕನ್ನಡದ ಪ್ರಾರ್ಥನೆಯೂ ತಮಿಳಿನ ಪ್ರಾರ್ಥನೆಯೂ ನಡೆಯುತ್ತವೆ. ಇವನ್ನು ಯಾರೂ ಬಹುಸಂಸ್ಕೃತಿಯ ಉತ್ಸವವೆಂದು ಕರೆದದ್ದಿಲ್ಲ, ಪುಣ್ಯ.

ಹಾಗೆಂದು ಹೊಸಬರದೇ ತಪ್ಪು ಎನ್ನಲಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಎನ್ನುವುದು 2011ರ ಜನಗಣತಿಯ ಹೊತ್ತಿಗೇ ಗೊತ್ತಾಗಿದ್ದ ಸಂಗತಿ. ಅದರ ಮರುವರ್ಷ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗಂಟುಮೂಟೆ ಹೊತ್ತು ಸಿಟಿ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗೆ ಕಾದು ನಿಂತರು. ನಮ್ಮ ಓಣಿಯ ಹೋಟೆಲಿನಲ್ಲಿ ಎರಡು ವರ್ಷ ಕಾಫಿ ತಂದುಕೊಡುತ್ತಿದ್ದ ಹುಡುಗನೂ ಆಗ ಹೊರಟುಹೋದ. ಅವನ ಊರಿನ ಹಬ್ಬ ಯಾವುದು ಎಂದು ನಾವು ಯಾರೂ ಒಂದು ದಿನವೂ ಕೇಳಿರಲಿಲ್ಲ.

ರಾಜ್ಯೋತ್ಸವವನ್ನು ನಾವು ಆಚರಿಸುವ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರಬೇಕು. ನಮ್ಮ ಬಡಾವಣೆಯ ಸಮಿತಿಯೊಂದರ ಸಭೆಯಲ್ಲಿ, ಪಕ್ಕದ ಕಟ್ಟಡದ ಒಡಿಯಾ ಹೆಣ್ಣುಮಕ್ಕಳು ಕನ್ನಡದ ಭಾವಗೀತೆಯೊಂದಕ್ಕೆ ತಮ್ಮ ಊರಿನ ನೃತ್ಯವನ್ನು ಹೊಂದಿಸಿ ಕಲಿತಿದ್ದಾರೆ, ವೇದಿಕೆಯಲ್ಲಿ ಹತ್ತು ನಿಮಿಷ ಕೊಡೋಣ ಎಂದು ನಾನು ಕೇಳಿದ್ದುಂಟು. ಆರ್ಕೆಸ್ಟ್ರಾಕ್ಕೆ ಹೊತ್ತು ಸಾಲದು ಎಂಬ ಉತ್ತರ ಬಂತು. ಆರ್ಕೆಸ್ಟ್ರಾ ಆ ರಾತ್ರಿ ಹನ್ನೊಂದರವರೆಗೆ ನಡೆಯಿತು. ಅಂಗಡಿಯ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಗಿದೆ; ಅದನ್ನು ಒಪ್ಪುವವನೇ ನಾನು. ಆದರೆ ಅಳತೆಪಟ್ಟಿ ಹಿಡಿದು ಅಳೆಯಬಹುದಾದ ಕನ್ನಡದ ಮೇಲೆ ಇರುವಷ್ಟು ಆಸಕ್ತಿ, ನೆರೆಯವರ ಮಕ್ಕಳು ತಾವಾಗಿ ಕಲಿತು ತಂದ ಕನ್ನಡದ ಮೇಲೆ ನಮಗೆ ಇಲ್ಲದಿರುವುದು ನನಗೆ ಬೇಸರ ತಂದಿದೆ.

ಕಲೆಯ ವಿಷಯದಲ್ಲಿ ಈ ಊರು ಒಮ್ಮೆ ಇದನ್ನು ಚೆನ್ನಾಗಿಯೇ ಮಾಡಿತ್ತು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಬಂಗಾಳಿ ಕವಿಯೊಬ್ಬರ ಜನ್ಮಶತಮಾನೋತ್ಸವದ ನೆನಪಿಗೆ ಎದ್ದ ಕಟ್ಟಡ. ಕನ್ನಡದ ಹವ್ಯಾಸಿ ರಂಗಭೂಮಿ ಬೆಳೆದದ್ದು ಅಲ್ಲಿ. ಬಿ.ವಿ. ಕಾರಂತರು 1972ರಲ್ಲಿ ಅಲ್ಲಿನ ಬಯಲಿನಲ್ಲಿ ಆಡಿಸಿದ ನಾಟಕಗಳಲ್ಲಿ ಒಂದು ಗ್ರೀಕ್ ನಾಟಕವೂ ಇತ್ತು, ಅದರ ದೊರೆ ಅಚ್ಚಗನ್ನಡ ಮಾತಾಡಿದ. 2004ರಲ್ಲಿ ಬಾಗಿಲು ತೆರೆದ ಜೆ.ಪಿ. ನಗರದ ರಂಗಶಂಕರದಲ್ಲಿ ಹಲವು ಭಾಷೆಗಳ ನಾಟಕಗಳು ನಡೆಯುತ್ತವೆ. ಜನವರಿಯಲ್ಲಿ ಕುಮಾರಕೃಪ ರಸ್ತೆಯ ಚಿತ್ರಸಂತೆಗೆ ಭಾಷೆಯ ಅಡ್ಡಿಯೇ ಇಲ್ಲ. ಚಿತ್ರದ ಬೆಲೆಗೆ ಚೌಕಾಸಿ ಮಾಡುವಾಗ ಮಾತ್ರ ಎಲ್ಲರಿಗೂ ಕನ್ನಡ ಬರುತ್ತದೆ.

ನನ್ನ ಕೋರಿಕೆ ದೊಡ್ಡದಲ್ಲ. ಮೈದಾನ, ಕೆರೆಯಂಗಳ, ಉದ್ಯಾನಗಳಲ್ಲಿ ಉತ್ಸವಕ್ಕೆ ಅನುಮತಿ ಕೊಡುವ ಪಾಲಿಕೆಗಳು, ದುರ್ಗಾಪೂಜೆಯಾಗಲಿ, ಛಠ್ ಆಗಲಿ, ಓಣಂ ಆಗಲಿ, ಆ ಹಬ್ಬದ ಪರಿಚಯದ ಕನ್ನಡ ಬರಹವೊಂದನ್ನು ಬಾಗಿಲಲ್ಲಿ ಇಡುವಂತೆ ಸಂಘಟಕರನ್ನು ಕೇಳಿಕೊಳ್ಳಲಿ. ಇದನ್ನು ದಂಡದ ಭಯ ಹಾಕಿ ಮಾಡಿಸುವುದು ಬೇಡ. ಬೈದು ಬರೆಸಿದ ಕನ್ನಡವನ್ನು ಯಾರೂ ಓದುವುದಿಲ್ಲ. ಅನುವಾದಕ್ಕೆ ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ ನಾಲ್ಕಾರು ಜನರನ್ನು ಒದಗಿಸಿದರೆ ಸಾಕು. ಹಾಗೆಯೇ ನವೆಂಬರ್ ತಿಂಗಳ ವೇದಿಕೆಗಳಲ್ಲಿ ಬಡಾವಣೆಯ ನೆರೆಹೊರೆಯವರ ಕಲೆಗೆ ಅರ್ಧ ಗಂಟೆ ಮೀಸಲಿರಲಿ, ನಿರೂಪಣೆ ಮಾತ್ರ ಕನ್ನಡದಲ್ಲೇ ನಡೆಯಲಿ.

ನಾನು ಯಂತ್ರ ಮಾರಿ ಆರು ವರ್ಷವಾಯಿತು, ಆದರೆ ಕರಡು ತಿದ್ದುವ ಅಭ್ಯಾಸ ಇನ್ನೂ ತಪ್ಪಿಲ್ಲ. ಕೆಸುವಿನ ಹೆಸರು ಬರೆದುಕೊಂಡ ಆ ಹುಡುಗ ಈ ಸಲದ ಪೂಜೆಗೆ ನವಪತ್ರಿಕೆಯ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಬರೆದು ಮೊನ್ನೆ ಮನೆಗೆ ತಂದುಕೊಟ್ಟಿದ್ದಾನೆ. ಒತ್ತಕ್ಷರಗಳಲ್ಲಿ ಹನ್ನೊಂದು ತಪ್ಪುಗಳಿವೆ; ಭಾನುವಾರದೊಳಗೆ ತಿದ್ದಿಕೊಡುವುದಾಗಿ ಹೇಳಿದ್ದೇನೆ.

ಇಂತಿ,
ನಿವೃತ್ತ ಮುದ್ರಕ, ಹಲಸೂರು, ಬೆಂಗಳೂರು